ಏಳು ವಿಶೇಷಗಳ ವಿಮಾನ

ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಹಲ್ಲುಮಾವ 81 ಎಂಬ ಅಂಕಿಯ ಅಂಟುಚಿತ್ರವನ್ನು ತಟ್ಟೆಯ ನೀರಿನಲ್ಲಿ ನೆನೆಹಾಕಿದರು. ಹನ್ನೊಂದನೆಯ ನಿಮಿಷಕ್ಕೆ ಅದು ಬೆನ್ನಿನ ಕಾಗದವನ್ನು ಬಿಟ್ಟು ಸಡಿಲವಾಯಿತು. ಹನ್ನೆರಡನೆಯ ನಿಮಿಷಕ್ಕೆ ಅವರು ಅದನ್ನು ಕುಂಚದ ತುದಿಯಿಂದ ಪುಟ್ಟ ಮಾದರಿ ವಿಮಾನದ ಬಲಮೈಯ ಮೇಲೆ ಜಾರಿಸಿ, ಉಸಿರು ಬಿಗಿಹಿಡಿದು, ಹತ್ತಿಯಿಂದ ಒತ್ತಿದರು. ಹದಿಮೂರನೆಯ ನಿಮಿಷಕ್ಕೆ, ಮೇಜಿನ ಆಚೆ ಬದಿಯಲ್ಲಿ ಕುಳಿತಿದ್ದ ಅಜ್ಜಿ ಒಂದು ಮಾತು ಹೇಳಿದರು.

"ಅಯ್ಯೋ, ಇದು ನಮ್ಮಣ್ಣನ ವಿಮಾನ ಅಲ್ವೇನಯ್ಯಾ!"

ಮಾವನ ಕೈಯಲ್ಲಿದ್ದ ಹತ್ತಿ ಅಲ್ಲಿಯೇ ನಿಂತಿತು.

"ದೊಡ್ಡಮ್ಮ, ಇದು 81. ದಳದ ನಾಯಕರ ವಿಮಾನ. ಇನ್ನೆಷ್ಟು ಸಲ ಹೇಳೋದು?"

"ನನಗೆ ಹದಿನೆಂಟು ಅಂತ ಕಾಣ್ತಿದೆ. ಕಣ್ಣಿನ ಪೊರೆ ತೆಗೆಸಿ ಇನ್ನೂ ಆರು ತಿಂಗಳಾಗಿಲ್ಲ. ನೀನು ಮಾಡಿಕೊಟ್ಟ ಹಲ್ಲು ಸುಳ್ಳು ಹೇಳಬಹುದು, ನನ್ನ ಕಣ್ಣು ಹೇಳಲ್ಲ."

"ನಾನು ಮಾಡಿಕೊಟ್ಟ ಹಲ್ಲಿಗೆ ಏನಾಗಿದೆಯಂತೆ?"

"ನಾನಿನ್ನೂ ನಕ್ಕೇ ಇರಲ್ಲ, ಅಷ್ಟರಲ್ಲಿ ಅದು ನಕ್ಕಿರುತ್ತೆ."

ಕಿಟಕಿಯ ಬಳಿ ನಿಂತು ಗಡಿಯಾರ ನೋಡಿ ಸಮಯ ಬರೆದುಕೊಳ್ಳುತ್ತಿದ್ದ ಪಟ್ಟಿಯಮ್ಮ ತುಟಿ ಕಚ್ಚಿ ನಗು ತಡೆದಳು. ಅವಳು ಮಾವನ ತಂಗಿಯ ಮಗಳು. ಹೋದ ವರ್ಷವಷ್ಟೇ ವಿಜ್ಞಾನದಲ್ಲಿ ಪದವಿ ಮುಗಿಸಿದ್ದಳು. ಕಂಡದ್ದಕ್ಕೆಲ್ಲ ಪಟ್ಟಿ ಮಾಡುವ ಅವಳ ಚಟಕ್ಕೆ ಮಾವ ಇಟ್ಟ ಹೆಸರು ಪಟ್ಟಿಯಮ್ಮ. ಈಗ ಮನೆಯವರೆಲ್ಲ ಕರೆಯುವುದು ಹಾಗೆಯೇ.

"ಅಜ್ಜಿ, ನೀವು ಆ ಕಡೆ ಕೂತಿದ್ದೀರಿ. 81ನ್ನ ತಲೆಕೆಳಗೆ ನೋಡಿದರೆ 18 ಆಗುತ್ತೆ, ಅಷ್ಟೇ. ಎಂಟರ ಹೊಟ್ಟೆ ನೋಡಿ. ನಮಗೆ ದೊಡ್ಡ ಹೊಟ್ಟೆ ಕೆಳಗಿದೆ. ನಿಮಗೆ ಮೇಲಿದೆ ಅಲ್ವಾ?"

ಅಜ್ಜಿ ಕತ್ತು ವಾಲಿಸಿ ನೋಡಿದರು. "ಹೌದು ಕಣೇ. ನಿಮ್ಮ ಮಾವ ಕೈ ಕೆಳಗೆ ಕಾಲು ಮೇಲೆ ಮಾಡಿ ನಿಂತ ಹಾಗಿದೆ."

ಅಜ್ಜಿ ನಕ್ಕರು, ಆದರೆ ಕಣ್ಣನ್ನು ಆ ಅಂಕಿಯಿಂದ ತೆಗೆಯಲಿಲ್ಲ. ಅದಕ್ಕೆ ಕಾರಣವಿತ್ತು. ಅವರ ಅಣ್ಣ ಯುದ್ಧದಲ್ಲಿ ಹಾರಿಸಿದ್ದು 18ನ್ನು. ಸ್ಮಾರಕ ಭವನದ ಕಲ್ಲುಗೋಡೆಯ ಮೇಲೆ ಅವನಿದ್ದ ವಿಮಾನದಳದ ನಲವತ್ತು ಹೆಸರುಗಳಿವೆ, ಅವರ ಅಣ್ಣನದಿಲ್ಲ. ದಳದ ದಿನಚರಿ ಅವನಿಗೆ ಕೊಟ್ಟದ್ದು ಒಂದೇ ಸಾಲು: '18: ಒಂಬತ್ತನೇ ತಾರೀಖು ಬೆಳಿಗ್ಗೆ ಹೊರಟದ್ದು. ದಾರಿಯಲ್ಲಿ ತಂಡ ಬಿಟ್ಟು ಹೋಯಿತು. ಮರಳಲಿಲ್ಲ.' ತಂಡ ಬಿಟ್ಟು ಹೋದವನು ಎಂದರೆ ಓಡಿಹೋದವನು ಎಂದು ಊರು ಅರ್ಥ ಮಾಡಿಕೊಂಡಿತು. ಆಗ ಅಜ್ಜಿಗೆ ಒಂಬತ್ತು ವರ್ಷ, ಈಗ ಎಂಬತ್ತೆಂಟು.

ವಿಮಾನ ಮರಳಿತ್ತೆಂಬುದಕ್ಕೆ ಪುರಾವೆ ತಂದರೆ ಹೆಸರು ಕೆತ್ತಿಸುತ್ತೇವೆಂದು ಸ್ಮಾರಕ ಸಮಿತಿ ಪತ್ರ ಬರೆದಿತ್ತು. ಗಡುವು ಶನಿವಾರ ಸಂಜೆ ನಾಲ್ಕು ಗಂಟೆ. ಆಮೇಲೆ ಗೋಡೆಗೆ ಗಾಜು ಕೂರುತ್ತದೆ. ಗಾಜು ಕೂರಿಸುವ ಆ ಸಮಾರಂಭದಲ್ಲಿ ಮಾವ ಕಟ್ಟುತ್ತಿರುವ 81ರ ಮಾದರಿಯೂ ಅನಾವರಣಗೊಳ್ಳಲಿತ್ತು.

"ನಮ್ಮಣ್ಣ ಓಡಿಹೋಗೋನಲ್ಲ ಕಣೇ," ಅಜ್ಜಿ ಎಂದಿನ ಮಾತನ್ನು ಎಂದಿನಂತೆಯೇ ಹೇಳಿದರು. "ಕೈಜಾರಿ ಒಂದು ಲೋಟ ಒಡೆದರೂ ಅಮ್ಮನ ಮುಂದೆ ತಾನೇ ಹೋಗಿ ನಿಂತು ಬೈಸಿಕೊಳ್ತಿದ್ದ. ನಾನು ಒಡೆದಿದ್ದಕ್ಕೂ ಅವನೇ ಬೈಸಿಕೊಳ್ತಿದ್ದ."

ಮಾವ ಮೇಜಿನ ಖಾನೆಗೆ ಕೈಹಾಕಿದರು. ಅವರು ಕಟ್ಟುಹಲ್ಲು ಮಾಡುವ ಕೆಲಸ ಬಿಟ್ಟು ಆರು ವರ್ಷವಾಗಿತ್ತು. ಸಲಕರಣೆಗಳು ಅವರನ್ನು ಬಿಟ್ಟಿರಲಿಲ್ಲ. ಒಂದು ಕಾಲಕ್ಕೆ ದವಡೆಯ ಹಿಂಬದಿಯನ್ನು ನೋಡುತ್ತಿದ್ದ, ಉದ್ದ ಹಿಡಿಯ ಗುಂಡುಕನ್ನಡಿಯಿಂದ ಅವರು ಈಗ ರೆಕ್ಕೆಗಳ ಅಡಿ ನೋಡುತ್ತಿದ್ದರು. ಅಂಕಿಯ ಹಿಂದೆ ಗಾಳಿಗುಳ್ಳೆ ಉಳಿದಿದೆಯೇ ಎಂದು ಪರೀಕ್ಷಿಸಲು ಅದನ್ನು ವಿಮಾನದ ಮೈಗೆ ಹತ್ತಿರ ಹಿಡಿದರು.

ಪಟ್ಟಿಯಮ್ಮ ನಿಂತಿದ್ದ ಜಾಗದಿಂದ ಆ ಕನ್ನಡಿಯೊಳಗಿನ ಅಂಕಿ ನೇರವಾಗಿ ಕಾಣುತ್ತಿತ್ತು.

18.

ಈ ಸಲ ಎಂಟರ ದೊಡ್ಡ ಹೊಟ್ಟೆ ಕೆಳಗೇ ಇತ್ತು.

"ಮಾವ, ಅಲುಗಾಡಬೇಡಿ!"

"ನಲವತ್ತು ವರ್ಷ ಈ ಮಾತು ನಾನು ಬೇರೆಯವರಿಗೆ ಹೇಳ್ತಿದ್ದೆ," ಎಂದರು ಮಾವ. ಆದರೆ ಅಲುಗಾಡಲಿಲ್ಲ.

ಪಟ್ಟಿಯಮ್ಮ ಎರಡೇ ಹೆಜ್ಜೆಗೆ ಗೋಡೆಯ ಬಳಿ ಹೋಗಿ, ಅಲ್ಲಿ ಅಂಟಿಸಿದ್ದ ಫೋಟೋ ಕಿತ್ತುಕೊಂಡು ಬಂದಳು. ಭವನದಲ್ಲಿ ಚೌಕಟ್ಟು ಹಾಕಿಸಿ ತೂಗುಹಾಕಿದ್ದ ಚಿತ್ರದ ಪ್ರತಿ ಅದು. ಓಡುದಾರಿಯ ಅಂಚಿನಲ್ಲಿ ಬಲಕ್ಕೆ ಮುಖ ಮಾಡಿ ನಿಂತ ವಿಮಾನ; ಮೈಮೇಲೆ 81; ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಲೆ ತಗ್ಗಿಸಿದ, ಟೋಪಿಯಿಂದ ಮುಖ ಮರೆಯಾದ ಒಬ್ಬ ಮನುಷ್ಯ; ಹಿಂದೆ ನೀರಿನ ಗೋಪುರ. ಬಾಲ ಶುರುವಾಗುವಲ್ಲಿ, ಮೈಸುತ್ತ ಬಳಿದ ಬಿಳಿ ಪಟ್ಟೆಯ ಹತ್ತಿರ ಚಿತ್ರ ಮುಗಿಯುತ್ತದೆ. 81ರದೆಂದು ಉಳಿದಿರುವ ಫೋಟೋ ಜಗತ್ತಿನಲ್ಲಿ ಇದೊಂದೇ.

ಈ ಫೋಟೋದ ಮೇಲೆ ಪಟ್ಟಿಯಮ್ಮ ಐದು ವಾರ ಕಣ್ಣು ಸವೆಸಿದ್ದಳು. ಅದರ ಫಲವಾದ '81ರ ವಿಶೇಷಗಳು' ಎಂಬ ಪಟ್ಟಿಯ ಬಗ್ಗೆ ಅವಳಿಗೆ, ಹೇಳಿಕೊಳ್ಳದಿದ್ದರೂ, ತುಸು ಹೆಮ್ಮೆಯಿತ್ತು. ಅದರಲ್ಲಿ ಏಳು ಅಂಶಗಳಿದ್ದವು. ಈ ಜಾತಿಯ ವಿಮಾನಗಳಿಗೆಲ್ಲ ಹತ್ತುವ ಮೆಟ್ಟಿಲು ಎಡಗಡೆ. 81ಕ್ಕೆ ಮಾತ್ರ ಬಲಗಡೆ. ಅದರ ಮೇಲಿನ ಕೈಹಿಡಿಯೂ ಬಲಕ್ಕೆ. ಮೂತಿಯ ಪಕ್ಕದ ಗಾಳಿಕೊಳವೆಯೂ ಬಲಕ್ಕೆ. ಮುಂದಿನ ಪಂಖದ ಅಲಗುಗಳ ತಿರುಚು ಉಳಿದವುಗಳಿಗೆ ವಿರುದ್ಧ. 'ಬಹುಶಃ ಪ್ರಯೋಗಾರ್ಥ ಎಂಜಿನ್' ಎಂದು ಅವಳು ಪಕ್ಕದಲ್ಲಿ ಟಿಪ್ಪಣಿ ಹಾಕಿದ್ದಳು. ಮನುಷ್ಯನ ಕೈಗಡಿಯಾರ ಬಲಗೈಯಲ್ಲಿ: 'ಎಡಚ?' ಅವನ ಅಂಗಿಯ ಗುಂಡಿಗಳು ಹೆಂಗಸರ ಅಂಗಿಯಂತೆ ಎಡಬದಿಗೆ: 'ಎರವಲು?' ಏಳನೆಯದು, ನೀರಿನ ಗೋಪುರ ದಳದ ನಿಲ್ದಾಣದಲ್ಲಿ ಇರಬೇಕಾದ ಬದಿಯಲ್ಲಿಲ್ಲ: 'ಆದ್ದರಿಂದ ಇದು ಬೇರೆ ಯಾವುದೋ ನಿಲ್ದಾಣ.'

ಅವಳು ಫೋಟೋದ ಮುಂದೆ ಕನ್ನಡಿ ಹಿಡಿದಳು.

ಮೆಟ್ಟಿಲು ಎಡಕ್ಕೆ ಬಂತು. ಕೊಳವೆ ಎಡಕ್ಕೆ ಬಂತು. ಗಡಿಯಾರ ಎಡಗೈಗೆ ದಾಟಿತು. ಅಂಗಿ ಗಂಡಸರದಾಯಿತು. ನೀರಿನ ಗೋಪುರ ತನ್ನ ಹಳೆಯ ಜಾಗಕ್ಕೆ ನಡೆದುಬಂದು ನಿಂತಿತು. ಏಳು ವಿಶೇಷಗಳಲ್ಲಿ ಒಂದೂ ವಿಶೇಷವಾಗಿ ಉಳಿಯಲಿಲ್ಲ.

"ಮಾವ," ಪಟ್ಟಿಯಮ್ಮನ ದನಿ ಸಣ್ಣಗಾಯಿತು. "ಈ ವಿಮಾನದಲ್ಲಿ ವಿಚಿತ್ರ ಏನೂ ಇಲ್ಲ. ಫೋಟೋನೇ ಮಗುಚಿ ಮುದ್ರಿಸಿದ್ದಾರೆ. ಇದು 81 ಅಲ್ಲ. 18."

ಮಾವ ಫೋಟೋ ನೋಡಿದರು. ಕನ್ನಡಿ ನೋಡಿದರು. ಕೊನೆಗೆ, ತಮ್ಮ ಮುಂದಿದ್ದ ವಿಮಾನದ ಬಲಗಡೆಯ ಮೆಟ್ಟಿಲನ್ನು ಬಹಳ ಹೊತ್ತು ನೋಡಿದರು.

ಮಾದರಿ ಕಟ್ಟುವವರಿಗೆ ಒಂದು ನಿಯಮವಿದೆ: ಪೆಟ್ಟಿಗೆಯೊಂದಿಗೆ ಬರುವ ಕೈಪಿಡಿ ಒಂದು ಹೇಳಿ, ಯುದ್ಧಕಾಲದ ಫೋಟೋ ಇನ್ನೊಂದು ಹೇಳಿದರೆ, ಫೋಟೋವನ್ನು ನಂಬು. ಕೈಪಿಡಿ ಮೆಟ್ಟಿಲು ಎಡಗಡೆ ಎಂದಿತ್ತು. ಮಾವ ಅದನ್ನು ಮೂಲೆಗೆಸೆದು, ಎಡಗಡೆಯ ತೂತನ್ನು ಮೆತ್ತಿ ಮುಚ್ಚಿ, ಉಜ್ಜಿ ನಯಗೊಳಿಸಿ, ಹಲ್ಲು ಕೊರೆಯುವ ಯಂತ್ರದಿಂದ ಬಲಗಡೆ ಹೊಸ ಮೆಟ್ಟಿಲು ಕೊರೆದಿದ್ದರು. ಫೋಟೋವನ್ನು ಅನುಮಾನಿಸುವ ಬದಲು ವಿಮಾನವನ್ನೇ ತಿದ್ದಿದ್ದರು.

"ಮೂರು ವಾರ," ಎಂದರು ಮಾವ.

"ನನ್ನ ಪಟ್ಟಿ ಐದು ವಾರ."

"ಮೂರು ವಾರ ಒಂದು ಮೆಟ್ಟಿಲಿಗೆ!" ಮಾವ ತಲೆಯ ಮೇಲೆ ಕೈಹೊತ್ತರು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಕುರ್ಚಿ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹೋಗ್ಲಿ ಬಿಡು. ಪಟ್ಟೆಗೆ ಎಡಬಲ ಇಲ್ಲ, ಸುತ್ತ ಬಳಿದಿದ್ದೀನಿ. ಅದೊಂದಾದರೂ ಉಳೀತು. ಎಷ್ಟು ಚೆನ್ನಾಗಿ ಬಂದಿದೆ ಅಂತ ನೀನು ಒಂದು ಮಾತೂ ಹೇಳಿಲ್ಲ. ನೀನು ಪಟ್ಟಿ ನೋಡ್ತೀಯ, ಪಟ್ಟೆ ನೋಡಲ್ಲ."

ಅಜ್ಜಿ ಮಾತ್ರ ನಗಲಿಲ್ಲ. ಎದ್ದು, ಮೇಜು ಸುತ್ತಿ ಬಂದು, ಕನ್ನಡಿಯೊಳಗಿನ 18ನ್ನು ನೋಡುತ್ತ ನಿಂತರು.

"ನಾನು ಆಗಲೇ ಹೇಳಲಿಲ್ವೇನೇ?" ಎಂದರು.

*

ಅನುಮಾನ ಬೇರೆ, ಪುರಾವೆ ಬೇರೆ. ಕನ್ನಡಿ ತೋರಿಸಿ ಸಮಿತಿಯನ್ನು ಒಪ್ಪಿಸಲಾಗದು. ನೆಗೆಟಿವ್ ಸಿಗಬೇಕು. ಭವನದ ಚೌಕಟ್ಟಿನ ಬೆನ್ನಿಗೆ ಒಂದು ಸ್ಟುಡಿಯೋದ ಮೊಹರು ಇದ್ದುದನ್ನು ಪಟ್ಟಿಯಮ್ಮ ಮೊದಲ ದಿನವೇ ಬರೆದುಕೊಂಡಿದ್ದಳು. ಎರಡು ಬೀದಿ ದಾಟಿದರೆ ಆ ಸ್ಟುಡಿಯೋ. ಮೂವರೂ ಹೊರಟರು.

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಲೆಕ್ಕ ನಡೆದಿತ್ತು. ಫೋಟೋ ಮಗುಚಿದ್ದು ಕೈತಪ್ಪಿನಿಂದಲೋ, ಬೇಕೆಂದೋ? ಕೈತಪ್ಪಾದರೆ ಮುದ್ರಿಸಿದವರ ತಪ್ಪು. ಬೇಕೆಂದೇ ಆದರೆ, 18ನ್ನು 81 ಮಾಡುವುದರಿಂದ ಯಾರಿಗೆ ಏನು ಲಾಭ?

"ಅಜ್ಜಿ, ನಿಧಾನ. ಮೆಟ್ಟಿಲಿದೆ."

"ಯಾವ ಕಡೆ? ಎಡಗಡೆಯೋ ಬಲಗಡೆಯೋ, ಮೊದಲು ನಿಮ್ಮ ಮಾವನ್ನ ಕೇಳು."

ಮುಂದಿನ ಕೋಣೆಯಲ್ಲಿ ಸ್ಟುಡಿಯೋ ಯಜಮಾನರ ಸೊಸೆ ಯಾರದೋ ಪಾಸ್‌ಪೋರ್ಟ್ ಫೋಟೋಗಾಗಿ ದೀಪ ಸರಿಹೊಂದಿಸುತ್ತಿದ್ದಳು. ಯಜಮಾನರು ಒಳಕೋಣೆಯಲ್ಲಿದ್ದರು. ವಯಸ್ಸು ಎಪ್ಪತ್ತೈದರ ಮೇಲೆ. ಇಸ್ತ್ರಿ ಮಾಡಿದ ಅಂಗಿ, ಫೋಟೋ ತೊಳೆಯುವ ಔಷಧದ ಕಲೆ ಹೋಗದ ಉಗುರುಗಳು. ಯುದ್ಧಕಾಲದಲ್ಲಿ ಆ ಚಿತ್ರ ತೆಗೆದದ್ದು ಅವರ ತಂದೆ. ಮೂವತ್ತು ವರ್ಷದ ಹಿಂದೆ ಭವನಕ್ಕೆ ಅದನ್ನು ದೊಡ್ಡದು ಮಾಡಿ ಮುದ್ರಿಸಿದ್ದು ಇವರು.

ಪಟ್ಟಿಯಮ್ಮ ನಮಸ್ಕಾರ ಮಾಡಿದಳು, ಫೋಟೋ ಮೇಜಿನ ಮೇಲಿಟ್ಟಳು, ನೇರವಾಗಿ ವಿಷಯಕ್ಕೆ ಬಂದಳು.

"ಸರ್, ಇದರಲ್ಲಿ ನಿಮ್ಮಿಂದ ಒಂದು ತಪ್ಪಾಗಿದೆ. ಹಾಗಂತ ಬರೆದುಕೊಟ್ಟರೆ ನಮಗೆ ಅನುಕೂಲ."

"ತಪ್ಪು? ನನ್ನಿಂದ?"

"ನೆಗೆಟಿವ್‌ನ ಮಗುಚಿ ಹಾಕಿದ್ದೀರಿ. ಮಂಕು ಬದಿ ಯಾವುದು, ಹೊಳಪು ಬದಿ ಯಾವುದು ಅಂತ ಗೊತ್ತಾಗಿಲ್ಲ. ಹೊಸಬರಿಗೆ ಆಗೋದೇ."

ಮಾವ ಗಾಬರಿಯಿಂದ ಪಟ್ಟಿಯಮ್ಮನ ಕಡೆ ನೋಡಿದರು. ಅವಳು ಹೀಗೆ ಮಾತಾಡುವವಳಲ್ಲ. ಅವಳ ಮುಖದಲ್ಲಿ ಎಳ್ಳಷ್ಟೂ ಬದಲಾವಣೆಯಿರಲಿಲ್ಲ. ಬೆನ್ನ ಹಿಂದೆ ಕಟ್ಟಿದ್ದ ಕೈಗಳು ಮಾತ್ರ ಒಂದನ್ನೊಂದು ಹಿಸುಕುತ್ತಿದ್ದವು.

"ಹೊಸಬರೇ!" ಯಜಮಾನರು ಕುರ್ಚಿ ಹಿಂದೆ ತಳ್ಳಿ ಎದ್ದರು. "ಕಗ್ಗತ್ತಲಲ್ಲಿ ಫಿಲ್ಮನ್ನ ತುಟಿಗೆ ತಾಗಿಸಿದರೆ ಸಾಕಿತ್ತು, ಯಾವ ಬದಿ ಅಂತ ಹೇಳಿಬಿಡ್ತಿದ್ದೆ. ಅಂಟಿದರೆ ಮಂಕು ಬದಿ, ಜಾರಿದರೆ ಹೊಳಪು ಬದಿ. ಐವತ್ತು ವರ್ಷದಲ್ಲಿ ಒಂದೇ ಒಂದು ನೆಗೆಟಿವ್ ನನ್ನ ಕೈಯಲ್ಲಿ ಗೊತ್ತಿಲ್ಲದೆ ಮಗುಚಿಲ್ಲ!"

"ಗೊತ್ತಿಲ್ಲದೆ ಮಗುಚಿಲ್ಲ," ಪಟ್ಟಿಯಮ್ಮ ನಿಧಾನವಾಗಿ ಹೇಳಿದಳು. "ಹಾಗಾದರೆ ಗೊತ್ತಿದ್ದೇ ಮಗುಚಿದಿರಿ."

ಮುಂದಿನ ಕೋಣೆಯಲ್ಲಿ ಕ್ಯಾಮೆರಾ ಕ್ಲಿಕ್ಕೆಂದದ್ದು ಸ್ಪಷ್ಟವಾಗಿ ಕೇಳಿಸಿತು.

ಯಜಮಾನರು ಕುಳಿತರು. "ನೀನು ಸಣ್ಣವಳಲ್ಲ," ಎಂದರು.

"ಯಾರು ಹೇಳಿ ಮಾಡಿಸಿದ್ದು ಸರ್?"

"ಅದನ್ನ ಹೇಳಲ್ಲ. ಇಲ್ಲಿಗೆ ಬಂದವರ ಗುಟ್ಟು ಇಲ್ಲೇ. ಮದುವೆ ಗಂಡುಗಳ ಬೋಳುತಲೆಗೆ ನಾನೂ ನಮ್ಮಪ್ಪನೂ ಎಷ್ಟು ಕೂದಲು ಬಳಿದುಕೊಟ್ಟಿದ್ದೀವೋ ಲೆಕ್ಕವಿಲ್ಲ. ಯಾರಿಗೆ ಅಂತ ಇವತ್ತಿನವರೆಗೂ ಬಾಯಿಬಿಟ್ಟಿಲ್ಲ."

"ಓಹೋ!" ಅಜ್ಜಿ ನೆಟ್ಟಗಾದರು. "ಮದುವೆಗೆ ಮುಂಚೆ ನನಗೆ ತೋರಿಸಿದ ಫೋಟೋದಲ್ಲಿ ನಮ್ಮೆಜಮಾನರಿಗೆ ತಲೆ ತುಂಬ ಗುಂಗುರು ಕೂದಲಿತ್ತು. ಎದುರಿಗೆ ಬಂದಾಗ ಅಂಗೈ ಇದ್ದ ಹಾಗಿತ್ತು. ಅದು ನಿಮ್ಮಪ್ಪನ ಕೆಲಸ ಅನ್ನಿ!"

ಯಜಮಾನರು ಗಂಭೀರವಾಗಿರಲು ನೋಡಿದರು. ಆಗಲಿಲ್ಲ.

"ತಪ್ಪು ತಿಳ್ಕೋಬೇಡಿ," ಅಜ್ಜಿ ಮುಂದುವರಿಸಿದರು. "ಮನುಷ್ಯ ಒಳ್ಳೆಯವರೇ ಇದ್ದರು. ಕೂದಲು ಇಲ್ಲದಿದ್ದರೂ ನಡೆಯಿತು. ಆದರೆ ನಮ್ಮಣ್ಣಂದು ಹಾಗಲ್ಲಪ್ಪ. ಅವನ ಹೆಸರೇ ಇಲ್ಲ. ನಲವತ್ತು ಹೆಸರಿನ ಗೋಡೆ ಮುಂದೆ ವರ್ಷಕ್ಕೊಂದು ಸಲ ಹೋಗಿ ನಿಲ್ತೀನಿ. ನನ್ನ ಪಕ್ಕ ನಿಂತವರೆಲ್ಲ ತಮ್ಮವರ ಹೆಸರು ಮುಟ್ಟಿ ನೋಡ್ತಾರೆ. ನನ್ನ ಕೈಗೆ ಮುಟ್ಟೋಕೆ ಏನೂ ಇಲ್ಲ. ಶನಿವಾರ ಗಾಜು ಹಾಕ್ತಾರಂತೆ."

ಯಜಮಾನರು ಎದ್ದು ಕಪಾಟಿನ ಮೂರನೆಯ ಖಾನೆಯಿಂದ ಹಳದಿಗಟ್ಟಿದ ಒಂದು ಕವರು ತಂದು ಮೇಜಿನ ಮೇಲಿಟ್ಟರು.

"ಬಾಯಿ ಬಿಡಲ್ಲ ಅಂದಿದ್ದೆ," ಎಂದರು. "ಕವರು ತೋರಿಸಲ್ಲ ಅನ್ನಲಿಲ್ಲ."

*

ಕವರಿನ ಮೇಲೆ ಎರಡು ಕೈಬರಹಗಳಿದ್ದವು.

ಮೊದಲನೆಯದು ಯಜಮಾನರ ತಂದೆಯದು, ಶಾಯಿಯಲ್ಲಿ: 'ವಿಮಾನ ನಿಲ್ದಾಣ, ನೀರಿನ ಗೋಪುರದ ಬಳಿ.' ಅದರ ಮುಂದೆ ತಾರೀಖು ಇದ್ದಿರಬೇಕು. ಆ ಮೂಲೆಯನ್ನು ಹುಳು ತಿಂದಿತ್ತು.

ಎರಡನೆಯದು ನೀಲಿ ಪೆನ್ಸಿಲ್ಲಿನದು: 'ಪೂರ್ತಿ ಬೇಡ. ಬಾಲ ಕತ್ತರಿಸಿ. ಮಗುಚಿ ಮುದ್ರಿಸಿ. ಅರ್ಜೆಂಟು.'

ಪಟ್ಟಿಯಮ್ಮ ಆ ಅಕ್ಷರಗಳ ಮೇಲೆ ಬಾಗಿದಳು. 'ಪೂರ್ತಿ'ಯ ಅರ್ಕಾವತ್ತು ಮೀನಿನ ಗಾಳದಂತೆ ಕೆಳಗಿಳಿದು ಮತ್ತೆ ಮೇಲಕ್ಕೆ ಕೊಂಕಿತ್ತು. 'ಅರ್ಜೆಂಟು' ಎಂಬುದರಲ್ಲಿ ಇನ್ನೊಂದು ಗಾಳ. ಇಂಥ ಗಾಳಗಳನ್ನು ಅವಳು ಈಚೆಗೆ ಎಲ್ಲೋ ನೋಡಿದ್ದಳು.

ಚೀಲದಿಂದ ಕಡತ ತೆಗೆದು, ಹದಿನಾಲ್ಕನೆಯ ಹಾಳೆ ಬಿಡಿಸಿದಳು. ಶನಿವಾರದ ಗಡುವು ಕೊಟ್ಟಿದ್ದ ಸಮಿತಿಯ ಪತ್ರ. ಕೊನೆಯಲ್ಲಿ, ಸಹಿಯ ಕೆಳಗೆ, ಕೈಬರಹದಲ್ಲಿ 'ಕಾರ್ಯದರ್ಶಿ'. ಒಂದೇ ಪದದಲ್ಲಿ ಎರಡು ಅರ್ಕಾವತ್ತು; ಎರಡೂ ಗಾಳಗಳೇ.

"ಕಾರ್ಯದರ್ಶಿಗಳಾ?" ಮಾವನ ಹುಬ್ಬು ಹಣೆಯ ಅರ್ಧಕ್ಕೇರಿತು. "81ರ ನಾಯಕರ ಅಳಿಯಂದಿರು?"

"ನಾನು ಏನೂ ಹೇಳಿಲ್ಲ," ಎಂದು ಯಜಮಾನರು ಚಾವಣಿ ನೋಡಿದರು.

ಪಟ್ಟಿಯಮ್ಮನಿಗೆ ಲಾಭದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ನಾಯಕರ ವಿಮಾನದ ಫೋಟೋ ಎಲ್ಲಿಯೂ ಇರಲಿಲ್ಲ. ಭವನದಲ್ಲಿ ತೂಗುಹಾಕಲು ಅಳಿಯನಿಗೆ ಒಂದು ಬೇಕಾಗಿತ್ತು. ಇದ್ದ 18ನ್ನು ಮಗುಚಿ 81 ಹುಟ್ಟಿಸಿದರು. ಮಗುಚಿದ್ದನ್ನು ಬಯಲುಮಾಡಬಲ್ಲಂಥದ್ದು ಬಾಲದ ಮೇಲೆ ಏನೋ ಇದ್ದಿರಬೇಕು. ಆದ್ದರಿಂದ ಬಾಲವನ್ನು ಕತ್ತರಿಸಿದರು. ಶನಿವಾರ ಅಜ್ಜಿಯ ಪುರಾವೆಯನ್ನು ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸುವವರೂ ಈ ಕಾರ್ಯದರ್ಶಿಗಳೇ.

"ನೆಗೆಟಿವ್ ತೋರಿಸ್ತೀರಾ ಸರ್?"

ಯಜಮಾನರು ಬೆಳಕಿನ ಪೆಟ್ಟಿಗೆಯ ಗುಂಡಿ ಒತ್ತಿದರು. ಬಿಳಿಗಾಜು ಬೆಳಗಿತು. ನೆಗೆಟಿವ್ ಅನ್ನು ಅಂಚಿನಲ್ಲಿ ಹಿಡಿದು, ತಮ್ಮ ವಿದ್ಯೆಯ ಗೌರವ ಉಳಿಸಿಕೊಳ್ಳುವವರಂತೆ, ಬಿಡಿಸಿ ಹೇಳಿದರು: "ಹೊಳಪು ಬದಿ ನಮ್ಮ ಕಡೆ. ಮಂಕು ಬದಿ ಗಾಜಿನ ಕಡೆ. ಹೀಗಿಟ್ಟಾಗ ಕಾಣೋದೇ ನಿಜ."

ವಿಮಾನ ಎಡಕ್ಕೆ ಮುಖ ಮಾಡಿ ನಿಂತಿತ್ತು. ಮೈಮೇಲೆ 18. ಮೆಟ್ಟಿಲು ಎಡಗಡೆ. ಮಾವ ಅದನ್ನು ಕಂಡು ನಿಟ್ಟುಸಿರು ಬಿಟ್ಟರು. ಮುದ್ರಿತ ಚಿತ್ರದಲ್ಲಿ ಇಲ್ಲದಿದ್ದ ಬಾಲ ಇಲ್ಲಿ ಪೂರ್ತಿಯಾಗಿತ್ತು. ಅದರ ಮೇಲೆ ಸಣ್ಣ ಅಂಕಿಗಳು. ಪಟ್ಟಿಯಮ್ಮ ಭೂತಗನ್ನಡಿಯಿಟ್ಟು ಓದಿದಳು: 4726. ನಾಲ್ಕು, ಏಳು, ಎರಡು, ಆರು: ಇವುಗಳಲ್ಲಿ ಕನ್ನಡಿಗೆ ಹೆದರದ ಅಂಕಿ ಒಂದೂ ಇಲ್ಲ. ನೇರವಾಗಿ ಓದಲು ಬಂದರೆ ಚಿತ್ರ ನೇರವಾಗಿದೆ ಎಂದೇ ಅರ್ಥ.

ಕಡತದ ಆರನೆಯ ಹಾಳೆ, ದಳದ ವಿಮಾನಗಳ ನೋಂದಣಿ. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. 18ರ ಎದುರು: 4726. ಆ ಸಾಲಿನ ಕೊನೆಯಲ್ಲಿ, 'ಈ ಅಂಕಿಯನ್ನು ಮತ್ತೆ ಯಾವ ವಿಮಾನಕ್ಕೂ ಕೊಡಲಿಲ್ಲ.'

"ಅದೇ, ಅಜ್ಜಿ. ನಿಮ್ಮಣ್ಣನ ವಿಮಾನವೇ."

ಅಜ್ಜಿ ಬೆಳಕಿನ ಪೆಟ್ಟಿಗೆಯ ಮೇಲೆ ಬಾಗಿದರು. ಮೆಟ್ಟಿಲ ಮೇಲೆ ಕಾಲಿಟ್ಟಿದ್ದ ಮನುಷ್ಯನ ಟೋಪಿ ಬೆಳ್ಳಗೆ, ಕೈಗಳು ಕಪ್ಪಗೆ ಕಾಣುತ್ತಿದ್ದವು. ಅವನು ಯಾರೆಂದು ಹೇಳಲು ಸಾಧ್ಯವಿರಲಿಲ್ಲ. ಅಜ್ಜಿ ಬೆರಳನ್ನು ಚಿತ್ರದ ಹತ್ತಿರ ಒಯ್ದು, ಮುಟ್ಟದೆ, ಹಿಂದಕ್ಕೆ ತೆಗೆದುಕೊಂಡರು.

"ಸರಿ," ಎಂದರು ಕೊನೆಗೆ. "ವಿಮಾನ ಅವನದು. ಆದರೆ ಇದರಿಂದ ಏನಾಯ್ತು ಮಗಳೇ? ಒಂಬತ್ತನೇ ತಾರೀಖಿಗೆ ಮುಂಚೆ ತೆಗೆದದ್ದಿರಬಹುದಲ್ಲ. ಅವನು ಹೊರಟಿದ್ದನ್ನ ಯಾರೂ ಇಲ್ಲ ಅಂದಿಲ್ಲ. ಬರಲಿಲ್ಲ ಅಂತ ತಾನೇ ಹೇಳೋದು."

ಅಜ್ಜಿ ಹೇಳಿದ್ದು ಅಕ್ಷರಶಃ ಸರಿ. ಕಾರ್ಯದರ್ಶಿಯ ಮೋಸ ಹಿಡಿದದ್ದಾಯಿತು. ಅಜ್ಜಿಯ ಕೆಲಸ ಆಗಲಿಲ್ಲ. ಬೇಕಾಗಿದ್ದುದು ತಾರೀಖು. ಅದನ್ನು ಹುಳು ತಿಂದಿತ್ತು.

ಅವಳು ಯಾಂತ್ರಿಕವಾಗಿ ಟಿಪ್ಪಣಿ ಪುಸ್ತಕ ತೆರೆದು '81ರ ವಿಶೇಷಗಳು' ನೋಡಿದಳು. ಒಂದೊಂದಾಗಿ ಏಳನ್ನೂ ಹೊಡೆದುಹಾಕಿದಳು. ಪುಟದಲ್ಲಿ ಏನೂ ಉಳಿಯಲಿಲ್ಲ.

"ಇದೇನಯ್ಯಾ ಹಲ್ಲಪ್ಪ," ಅಜ್ಜಿ ಕೇಳುತ್ತಿದ್ದರು, "ಬಾಲದ ಹತ್ತಿರ ಕಪ್ಪು ಪಟ್ಟೆ? ನೀನು ಬಿಳಿ ಬಳಿದಿದ್ದೆಯಲ್ಲ? ಅದೂ ತಪ್ಪೇನು?"

"ತಪ್ಪಲ್ಲ ದೊಡ್ಡಮ್ಮ! ನೆಗೆಟಿವ್‌ನಲ್ಲಿ ಬಿಳಿ ಕಪ್ಪಾಗಿ ಕಾಣುತ್ತೆ. ನನ್ನ ಪಟ್ಟೆಗೆ ಏನೂ ಆಗಿಲ್ಲ. ನೋಡಿ, ಇವರು ಸೊಟ್ಟಗೆ ಬಳಿದಿದ್ದಾರೆ. ಅವಸರದ ಕೆಲಸ, ಬಣ್ಣ ಇಳಿದಿದೆ. ನನ್ನದು ಎಷ್ಟೋ ವಾಸಿ."

ಪಟ್ಟಿಯಮ್ಮನ ಪೆನ್ಸಿಲ್ಲು ನಿಂತಿತು.

ಪಟ್ಟೆ. ಅದು ಅವಳ ಪಟ್ಟಿಯಲ್ಲಿ ಯಾವತ್ತೂ ಇರಲಿಲ್ಲ. ಪಟ್ಟೆ ವಿಶೇಷವಲ್ಲ, ಆ ದಳದ ಎಲ್ಲ ವಿಮಾನಗಳಿಗೂ ಇತ್ತು. ಎಲ್ಲದಕ್ಕೂ ಇರುವುದನ್ನು ಬರೆದುಕೊಳ್ಳುವುದೇಕೆಂದು ಬಿಟ್ಟಿದ್ದಳು. ಸುತ್ತ ಬಳಿದದ್ದಾದ್ದರಿಂದ ಮಗುಚಿದರೂ ಅದು ಬದಲಾಗಿರಲಿಲ್ಲ. ಆ ಫೋಟೋದಲ್ಲಿ ಸುಳ್ಳು ಹೇಳದೆ ಉಳಿದದ್ದು ಅದೊಂದೇ.

ಅವಳ ಕೈ ಕಡತದ ಒಂಬತ್ತನೆಯ ಹಾಳೆಗೆ ಹೋಯಿತು: ಬಣ್ಣ ಬಳಿಯುವ ಆದೇಶ. ಎರಡು ವಾರದ ಹಿಂದೆ ದಾಖಲೆಗಳ ಕಚೇರಿಯಿಂದ ಅದರ ಪ್ರತಿ ತಂದದ್ದು ಪಟ್ಟೆಯ ಅಗಲಕ್ಕಾಗಿ. ಎರಡು ಅಡಿ ಎಂದಿತ್ತು. ನಲವತ್ತೆಂಟರಲ್ಲಿ ಒಂದರ ಮಾದರಿಗೆ ಅರ್ಧ ಅಂಗುಲ. ಅಷ್ಟನ್ನು ಮಾವನಿಗೆ ಹೇಳಿ ಹಾಳೆ ಮಡಿಸಿಟ್ಟಿದ್ದಳು. ಅಳತೆಗಾಗಿ ಓದಿದ್ದಳು, ತಾರೀಖಿಗಾಗಿ ಓದಿರಲಿಲ್ಲ.

ಈಗ ಓದಿದಳು.

'ನಮ್ಮವರ ತುಪಾಕಿಗಳು ನಮ್ಮ ವಿಮಾನಗಳ ಮೇಲೆಯೇ ಹಾರದಂತೆ, ಹನ್ನೊಂದನೇ ತಾರೀಖು ಬೆಳಿಗ್ಗೆ ಆರು ಗಂಟೆಯಿಂದ, ಎಲ್ಲ ವಿಮಾನಗಳ ಬಾಲದ ಮುಂದೆ ಎರಡು ಅಡಿ ಅಗಲದ ಬಿಳಿ ಪಟ್ಟೆ ಬಳಿಯತಕ್ಕದ್ದು. ಶತ್ರುವಿಗೆ ತಿಳಿಯಬಾರದಾದ್ದರಿಂದ ಅದಕ್ಕೂ ಮುನ್ನ ಯಾವ ವಿಮಾನಕ್ಕೂ ಬಳಿಯತಕ್ಕದ್ದಲ್ಲ.' ಕೆಳಗೆ ಆದೇಶ ಹೊರಟ ದಿನ: ಅದೇ ತಿಂಗಳ ಹತ್ತನೇ ತಾರೀಖು, ಸಂಜೆ.

ಮತ್ತೊಮ್ಮೆ ಓದಿದಳು. ನೆಗೆಟಿವ್ ನೋಡಿದಳು. ಸೊಟ್ಟ ಪಟ್ಟೆ, ಅವಸರದ ಕೆಲಸ, ಇಳಿದ ಬಣ್ಣ. ಅದರ ಹಿಂದೆ, ಸರಿಯಾದ ಬದಿಯಲ್ಲಿ, ಆ ದಳದ್ದೇ ನೀರಿನ ಗೋಪುರ.

"ಮಾವ," ಎಂದಳು, "ನಿಮ್ಮ ಪಟ್ಟೆ ತುಂಬ ಚೆನ್ನಾಗಿ ಬಂದಿದೆ."

"ಈಗ ಹೇಳ್ತೀಯಾ!"

"ಏನಾಯ್ತೇ?" ಅಜ್ಜಿ ಅವಳ ಮೊಣಕೈ ಹಿಡಿದರು. "ನಿನ್ನ ಮುಖ ಯಾಕೆ ಹಾಗೆ ಅರಳಿದೆ? ಮನಸ್ಸಲ್ಲೇ ಇಟ್ಕೋಬೇಡ. ಗಟ್ಟಿಯಾಗಿ ಓದು."

ಪಟ್ಟಿಯಮ್ಮ ಗಡಿಯಾರ ನೋಡಿ ಹೊಸ ಪುಟದ ಮೇಲ್ಭಾಗದಲ್ಲಿ ಸಮಯ ಬರೆದಳು: ಹನ್ನೊಂದು ನಲವತ್ತು. ಅದರ ಕೆಳಗೆ, ಯಾವ ಪಟ್ಟಿಯೂ ಇಲ್ಲದೆ, ಒಂದೇ ವಾಕ್ಯ ಬರೆದು, ಪ್ರತಿ ಪದವನ್ನೂ ಬಿಡಿಸಿ ಓದಿದಳು:

"ಒಂಬತ್ತನೇ ತಾರೀಖು ಹೊರಟು ಮರಳಲಿಲ್ಲವೆಂದು ದಾಖಲಾಗಿರುವ 18, ಹನ್ನೊಂದನೇ ತಾರೀಖು ಅಥವಾ ಅದರ ನಂತರ, ಹೊಸ ಬಿಳಿ ಪಟ್ಟೆ ಬಳಿಸಿಕೊಂಡು ತನ್ನದೇ ನಿಲ್ದಾಣದಲ್ಲಿ ನಿಂತಿತ್ತು."